ಮೂವತ್ತು ಕಿಲೋಮೀಟರ್ ಎತ್ತರದ ಪಾರ್ಸೆಲ್

“ನಿನ್ನ ಬೀಳ್ಕೊಡುಗೆಗೆ ಗಡಿಯಾರ ಗಿಡಿಯಾರ ಬೇರೆಯವರು ಕೊಡ್ಲಿ. ನಾನು ಭೂಮಿಯನ್ನೇ ಕೊಡ್ತೀನಿ ಕಣೇ!” ಎಂದು ಹೆಡ್ ಪ್ಯಾಕರ್ ಘೋಷಿಸಿದಾಗ ಅವರ ಹೆಂಡತಿ ತಮ್ಮ ವೃತ್ತಿಜೀವನದ ಕಟ್ಟಕಡೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದರು.

“ಎಷ್ಟು ಎಕರೆ?” ತಲೆಯೆತ್ತದೆ ಕೇಳಿದರು.

“ಪೂರ್ತಿ! ಮೂವತ್ತೈದು ವರ್ಷ ಬೋರ್ಡಿನ ಮೇಲೆ ಭೂಮಿ ದುಂಡಗಿದೆ ಅಂತ ಗೀಚಿದ್ಯಲ್ಲ, ಆ ಬಾಗನ್ನ ಒಂದು ಸಲನಾದ್ರೂ ಕಣ್ಣಾರೆ ನೋಡಿದೀಯಾ? ಬಲೂನಿಗೆ ಕ್ಯಾಮೆರಾ ಕಟ್ಟಿ ಮೇಲಕ್ಕೆ ಕಳಿಸ್ತೀನಿ. ಮೂವತ್ತು ಕಿಲೋಮೀಟರ್!”

“ಯಾರ ಕ್ಯಾಮೆರಾ?”

ಇದು ಭೂಗೋಳದ ಪ್ರಶ್ನೆಯಲ್ಲವಾದ್ದರಿಂದ ಅವರು ಉತ್ತರಿಸಲಿಲ್ಲ.

ಹೆಡ್ ಪ್ಯಾಕರ್ ಪಾರ್ಸೆಲ್ ಆಫೀಸಿನಿಂದ ನಿವೃತ್ತರಾಗಿ ಒಂದು ವರ್ಷವಾಗಿತ್ತು. ಅವರು ಕಟ್ಟಿದ ಪಾರ್ಸೆಲ್ ದಾರಿಯಲ್ಲಿ ಬಿಚ್ಚಿಕೊಂಡ ದಾಖಲೆಯೇ ಇಲ್ಲ. ಎಷ್ಟೋ ಸಲ ತಲುಪಿದ ಮೇಲೂ ಬಿಚ್ಚಿಕೊಳ್ಳುತ್ತಿರಲಿಲ್ಲ! ಇಂಥವರು ಮಾತು ಕೊಟ್ಟರೆ ಅದನ್ನೂ ಬಿಗಿಯಾಗಿಯೇ ಕಟ್ಟುತ್ತಾರೆ. ಮರುದಿನವೇ ಶಾಲೆಗೆ ಹೋಗಿ ಶಿಕ್ಷಕರೆಲ್ಲರೆದುರು ಸಾರಿದರು: ಶನಿವಾರದ ಸಮಾರಂಭದಲ್ಲಿ ಚಿತ್ರದ ಅನಾವರಣ! ಮುಖ್ಯೋಪಾಧ್ಯಾಯಿನಿ ಭೂಗೋಳದ ಕೋಣೆಯಲ್ಲಿ ಮೊಳೆ ಹೊಡೆಸಿಟ್ಟರು. ಒಂದೂವರೆ ಅಡಿಯ ಚೌಕಟ್ಟು ಬಂತು. ಅದಕ್ಕೆ ಪರದೆಯೂ ಬಂತು. ಬರಬೇಕಾದದ್ದು ಚಿತ್ರವೊಂದೇ.

“ಬರ್ದೇ ಇದ್ರೆ?” ಹೆಂಡತಿ ಕೇಳಿದರು. “ನನ್ನ ಕೊನೇ ದಿನ ಕಣ್ರೀ. ಖಾಲಿ ಚೌಕಟ್ಟಿನ ಮುಂದೆ ನಿಲ್ಲಿಸಿ ನಗಿಸ್ಬೇಡಿ ನನ್ನ.”

“ನನ್ನ ಕೈಲಿ ಹೋದ ಮಾಲು ಯಾವತ್ತಾದ್ರೂ ತಲುಪದೇ ಇದೆಯಾ?”

ವಿಮಾನಯಾನದ ಕಚೇರಿಗೆ ಆರು ಸಲ ಅಲೆದು, ಗುರುವಾರ ಬೆಳಗ್ಗೆ ಎರಡು ತಾಸಿನ ಅವಧಿಯಲ್ಲಿ ಮಾತ್ರ ಬಲೂನು ಬಿಡಲು ಅನುಮತಿ ತಂದರು. ಥರ್ಮಾಕೋಲ್ ಡಬ್ಬದ ಒಂದು ಪಕ್ಕದಲ್ಲಿ ಲೆನ್ಸಿನ ಅಳತೆಗೆ ದುಂಡನೆಯ ಕಿಂಡಿ ಕೊರೆದರು. ಹೆಂಡತಿಯ ಪುಟ್ಟ ಕ್ಯಾಮೆರಾವನ್ನು ಹತ್ತು ಸೆಕೆಂಡಿಗೊಂದು ಚಿತ್ರ ತೆಗೆಯುವಂತೆ ಹೊಂದಿಸಿ ಅದರಲ್ಲಿ ಕೂರಿಸಿದರು. ಬಲೂನು ಮೇಲೆ ಒಡೆದ ಮೇಲೆ ಡಬ್ಬ ನಿಧಾನಕ್ಕೆ ಇಳಿಯಲೆಂದು ಹಳೆಯ ಎರಡು ಕೊಡೆಗಳ ಬಟ್ಟೆಯಿಂದ ಪ್ಯಾರಾಶೂಟ್ ಹೊಲಿದರು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಫೋನ್ ನಂಬರ್ ಬರೆದು, ಕೆಳಗೆ “ಜೋಪಾನ” ಎಂದೂ ಸೇರಿಸಿದರು.

ಗುರುವಾರ ಶಾಲೆಯ ಮೈದಾನದಲ್ಲಿ ಬಲೂನು ಆನೆಯಷ್ಟು ಊದಿಕೊಂಡು ಒದ್ದಾಡತೊಡಗಿತು. ಹಗ್ಗ ಹಿಡಿದ ಹೆಂಡತಿ ತುದಿಗಾಲಲ್ಲಿ ನಿಂತಿದ್ದರು.

“ರೀ, ಬಿಡ್ಲಾ? ನಾನೇ ಹಾರಿಹೋಗೋ ಹಾಗಿದೀನಿ!”

“ತಾಳು! ಕ್ಯಾಮೆರಾ ಈಗಷ್ಟೇ ಶುರು ಮಾಡ್ದೆ, ಕೊನೇ ತಪಾಸಣೆ ಆಗ್ಬೇಕು.”

ಹೆಡ್ ಪ್ಯಾಕರ್ ಮಂಡಿಯೂರಿ, ಡಬ್ಬದ ಮುಂದೆ ತಲೆ ನೆಲಕ್ಕೆ ತಾಗುವಷ್ಟು ಬಗ್ಗಿ, ಕಣ್ಣು ಮುಚ್ಚಿ ಆರೂ ಬದಿಗಳ ಮೇಲೆ ಅಂಗೈ ಆಡಿಸಿದರು. ಮೂವತ್ತೆರಡು ವರ್ಷದ ಅಭ್ಯಾಸ! ಟೇಪು ಚರ್ರೆಂದಿತು.

“ಏನ್ರೀ ಅದು?”

“ಇದು ವೃತ್ತಿಯ ವಿಷಯ, ನಿಂಗೆ ತಿಳಿಯಲ್ಲ. ಈಗ ಬಿಡು!”

ಬಲೂನು ಏರಿತು, ನಿಂಬೆಯಾಯಿತು, ಸಾಸಿವೆಯಾಯಿತು, ಮಾಯವಾಯಿತು. ಹೆಡ್ ಪ್ಯಾಕರ್ ಕಣ್ಣೊರೆಸಿಕೊಂಡರು.

ಮೂರು ಗಂಟೆಯ ಮೇಲೆ ಪಕ್ಕದ ಊರಿನ ಲಾಂಡ್ರಿಯಾಕೆಯ ಫೋನು. “ಯಾರ್ರೀ ನೀವು? ನಿಮ್ಮ ಡಬ್ಬ ನಾನು ಒಣಗಿಹಾಕಿದ ಬೆಡ್‌ಶೀಟ್ ಮೇಲೆ ಬಿದ್ದಿದೆ. ಒಳಗೇನಿದೆ ನೋಡೋಣ ಅಂತ ಹೋಗಿ ಎರಡು ಕತ್ತರಿ ಮುರ್ಕೊಂಡೆ!”

“ಕೇಳಿದ್ಯೇನೇ? ಎರಡು ಕತ್ತರಿ!” ಹೆಡ್ ಪ್ಯಾಕರರ ಎದೆ ಆ ಬಲೂನಿಗಿಂತ ದೊಡ್ಡದಾಯಿತು.

ಡಬ್ಬವನ್ನು ಮನೆಗೆ ತಂದು, ತಳ ಕೊಯ್ದು, ಕ್ಯಾಮೆರಾ ಹೊರತೆಗೆದು ಕೊನೆಯ ಚಿತ್ರದಿಂದ ಹಿಂದಕ್ಕೆ ನೋಡತೊಡಗಿದರು. ಕಪ್ಪು. ಅದರ ಹಿಂದಿನದೂ ಕಪ್ಪು. ಐವತ್ತು ಚಿತ್ರ ನೋಡಿದರೂ ಕಪ್ಪೇ ಕಪ್ಪು.

“ಅಂತರಿಕ್ಷ ಕಪ್ಪಾಗೇ ಇರತ್ತೆ ಕಣೇ!”

“ಲಾಂಡ್ರಿಯವರ ಹಿತ್ತಲೂ ಅಂತರಿಕ್ಷವೇನ್ರೀ?” ಎನ್ನುತ್ತ ಹೆಂಡತಿ ಡಬ್ಬವನ್ನು ತಿರುಗಿಸಿದರು. “ಕಿಂಡಿ ಎಲ್ಲಿ?”

ಕಿಂಡಿ ಇರಬೇಕಾದ ಕಡೆ ಕಂದು ಟೇಪು. ಒಂದು ಸುಕ್ಕಿಲ್ಲ, ಒಂದು ಗುಳ್ಳೆಯಿಲ್ಲ. ಅಂಚುಗಳನ್ನು ಹೆಬ್ಬೆರಳ ಉಗುರಿನಿಂದ ನಾಲ್ಕೂ ಕಡೆ ಒತ್ತಲಾಗಿತ್ತು. ಭೂಮಂಡಲದಲ್ಲಿ ಹಾಗೆ ಒತ್ತುವ ಮನುಷ್ಯ ಒಬ್ಬನೇ!

ಹೆಡ್ ಪ್ಯಾಕರ್ ಕುರ್ಚಿಯಲ್ಲಿ ಕುಸಿದರು. “ಕೈಗೆ ತೂತು ಸಿಕ್ತು ಕಣೇ... ಮುಚ್ಚಿಬಿಡ್ತು.” ಅನುಮತಿ ಮುಗಿದಿತ್ತು. ಬಲೂನು ಹರಿದು ಚಿಂದಿಯಾಗಿತ್ತು. “ನಿನ್ನ ಕೊನೇ ದಿನ ಕೆಡಿಸಿಬಿಟ್ಟೆ.”

ಹೆಂಡತಿ ಬೈಯಲಿಲ್ಲ. ಕ್ಯಾಮೆರಾ ಎತ್ತಿಕೊಂಡು ಒಳಕೋಣೆಗೆ ಹೋದರು. ಬೈದಿದ್ದರೆ ರಾತ್ರಿ ಹೆಡ್ ಪ್ಯಾಕರರಿಗೆ ನಿದ್ದೆಯಾದರೂ ಬರುತ್ತಿತ್ತು.

ಶನಿವಾರ ಹೆಡ್ ಪ್ಯಾಕರ್ ಬಾಗಿಲ ಪಕ್ಕ, ಓಡಲು ಅನುಕೂಲವಾದ ಕುರ್ಚಿ ಹುಡುಕಿ ಕೂತರು. ಮುಖ್ಯೋಪಾಧ್ಯಾಯಿನಿ ಪರದೆ ಎಳೆದರು.

ಚೌಕಟ್ಟು ಖಾಲಿಯಿರಲಿಲ್ಲ! ಕೆಳಗೆ ಬೃಹತ್ತಾದ, ಬೆಳಗುವ ಕಮಾನು. ಮೇಲೆ ನಿಚ್ಚಳ ನೀಲಿ. ಅಂಚಿನುದ್ದಕ್ಕೂ ಬೆಳ್ಳಿಗೆರೆಯಂಥ ಹೊಳಪು. ಹಿಂದಿನ ಸಾಲಿನವರು ಎದ್ದು ನಿಂತರು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ!

ಟೇಪು ಒಂದು ಕ್ಷಣ ಬಿಟ್ಟುಕೊಂಡಿರಬೇಕು! ಇದೇ ಮೊದಲ ಬಾರಿಗೆ ತಮ್ಮ ಟೇಪು ಬಿಟ್ಟುಕೊಂಡದ್ದಕ್ಕೆ ಹೆಡ್ ಪ್ಯಾಕರ್ ಹಿಗ್ಗಿದರು. ಎದ್ದರು, ವೇದಿಕೆಗೆ ನಡೆದರು, ಚಿತ್ರದ ಪಕ್ಕದಲ್ಲೇ ನಿಂತು ಸಭೆಗೆ ಸೊಂಟದವರೆಗೆ ಬಗ್ಗಿ ವಂದಿಸಿದರು.

ಚಪ್ಪಾಳೆ ತಟ್ಟನೆ ನಿಂತಿತು. ಸಭೆಯ ಕಣ್ಣೆಲ್ಲ ಒಮ್ಮೆ ಚಿತ್ರದ ಮೇಲೆ, ಒಮ್ಮೆ ಬಗ್ಗಿದ ಬೋಳುತಲೆಯ ಮೇಲೆ.

“ಇದು... ಎಷ್ಟು ಎತ್ತರದಿಂದ ತೆಗೆದದ್ದು ಟೀಚರ್?” ಮುಖ್ಯೋಪಾಧ್ಯಾಯಿನಿ ಮೆಲ್ಲಗೆ ಕೇಳಿದರು.

“ನೆಲದಿಂದ ಅರ್ಧ ಅಡಿ. ಟೇಪು ಅಂಟಿಸೋಕೆ ಹತ್ತು ಸೆಕೆಂಡ್ ಮುಂಚೆ. ಸಾವಿರ ಚಿತ್ರದಲ್ಲಿ ಬೆಳಕು ಕಂಡದ್ದು ಇದೊಂದೇ.”

ಭೂಗೋಳದ ಟೀಚರ್ ತಮ್ಮ ಬೆತ್ತ ತೆಗೆದುಕೊಂಡು ಕೊನೆಯ ಪಾಠಕ್ಕೆ ನಿಂತರು. “ಎಲ್ಲರೂ ಗಮನಿಸಿ. ಬಾಗು ಸ್ಪಷ್ಟವಾಗಿದೆ. ಅಂಚಿನಲ್ಲಿ ವಿರಳ ಸಸ್ಯವರ್ಗ. ನಡುವೆ ಬಟ್ಟಬಯಲು. ಒಳಪದರದಲ್ಲಿ ಏನಿದೆ ಅಂತ ಮೂವತ್ತು ವರ್ಷದಿಂದ ನಾನೊಬ್ಬಳೇ ಅಗೀತಾ ಇದೀನಿ. ನಾಳೆಯಿಂದ ಪೂರ್ತಿ ಬಿಡುವಿದೆ, ನೋಡೋಣ.”