ಆರುನೂರು ಕಿಲೋ ಹೊರುವ ಬೆನ್ನು

ನಾನು ಏನಾದರೂ ಕೊಳ್ಳಲು ಹೊರಟರೆ ಸಾಕು, ಮಾರುವವನೊಬ್ಬ ಸಿಗುವ ಮೊದಲೇ ಬೇಡ ಎನ್ನುವವರು ಹತ್ತು ಜನ ಸಿಗುತ್ತಾರೆ. ಲಂಡನ್ನಿನ ಹ್ಯಾರೋದಲ್ಲಿ ಮನೆ ಕೊಳ್ಳುವಾಗಲೂ ಹೀಗೇ ಆಯಿತು, ದೊಡ್ಡ ಗ್ರೈಂಡರ್ ತರಿಸುವಾಗಲೂ ಹೀಗೇ ಆಯಿತು. ಪಿಕಪ್ ಕೊಳ್ಳಲು ಹೊರಟ ವರ್ಷ ಮಾತ್ರ ಸ್ವಲ್ಪ ಹೆಚ್ಚೇ ಆಯಿತು.

ನಾನು ಧಾರವಾಡದ ಕಡೆಯವಳು. ಲಂಡನ್ನಿಗೆ ಬಂದಾಗ ನನಗೆ ಬರುತ್ತಿದ್ದದ್ದು ಎರಡೇ: ಜೋಳದ ರೊಟ್ಟಿ ಬಡಿಯುವುದು, ಹಟ ಹಿಡಿಯುವುದು. ಎರಡನ್ನೂ ಸೇರಿಸಿ ಮದುವೆ ಮುಂಜಿಗಳಿಗೆ ಊಟ ಒದಗಿಸುವ ಕೆಲಸ ಶುರು ಮಾಡಿದೆ. ಇಂಗ್ಲಿಷ್ ಓದಲು ಕಲಿತದ್ದು ಕೌನ್ಸಿಲ್‌ನವರ ನೋಟಿಸುಗಳಿಂದ. ಅವು ಅರ್ಥವಾಗತೊಡಗಿದ ಮೇಲೆ ಉಳಿದ ಪುಸ್ತಕಗಳೆಲ್ಲ ಸುಲಭ ಅನಿಸಿದವು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೇಸಿಗೆ, ಬೆಳಗಾವಿ ಕಡೆಯ ಕುಟುಂಬವೊಂದು ಮಗಳ ಮದುವೆಯನ್ನು ಪಿನ್ನರ್ ಆಚೆಯ ಬಯಲಿನಲ್ಲಿ ಶಾಮಿಯಾನ ಹಾಕಿ ಮಾಡುವುದೆಂದು ನಿಶ್ಚಯಿಸಿತು. ಮುನ್ನೂರು ಜನಕ್ಕೆ ಹಂಚಿನಿಂದ ನೇರ ತಾಟಿಗೆ ಬೀಳುವ ಬಿಸಿ ರೊಟ್ಟಿ ಬೇಕು ಎಂದರು. ಆಯಿತು ಎಂದು ಮಾತು ಕೊಟ್ಟೆ. ಬಯಲಿನಲ್ಲಿ ಅಡುಗೆಮನೆ ಎಲ್ಲಿಂದ ಬರಬೇಕು ಎಂದು ಯೋಚಿಸಿದ್ದು ಆಮೇಲೆ.

ಅಡುಗೆಮನೆ ರೋಮ್‌ಫೋರ್ಡ್ ಆಚೆ ಸಿಕ್ಕಿತು. ಜಾತ್ರೆಯಿಂದ ಜಾತ್ರೆಗೆ ತೊಟ್ಟಿಲು ಚಕ್ರ ಒಯ್ಯುವ ಒಬ್ಬ ಮುದುಕ ತಾನು ವಾಸವಾಗಿದ್ದ ದೊಡ್ಡ ಟ್ರೇಲರ್ ಮಾರಲು ಇಟ್ಟಿದ್ದ. ಒಳಗೆ ಆರು ಹಂಚು, ನಾಲ್ಕು ಹಂಡೆ ಕೂರುವಷ್ಟು ಜಾಗ. ಆದರೆ ಅದು ಫಿಫ್ತ್ ವೀಲ್ ಟ್ರೇಲರ್. ಸಾಮಾನ್ಯ ಕ್ಯಾರವಾನ್ ಎಂದರೆ ಎತ್ತಿನ ಬಾಲಕ್ಕೆ ಕಟ್ಟಿದ ಬಂಡಿ ಇದ್ದಂತೆ, ಹಿಂದೆ ಹಿಂದೆ ಬರುತ್ತದೆ. ಇದು ಹಾಗಲ್ಲ. ಇದರ ಕತ್ತು ಮುಂದೆ ಚಾಚಿಕೊಂಡು ಎತ್ತಿನ ಬೆನ್ನ ಮೇಲೇ ಗದ್ದ ಊರಿ ಕೂರುತ್ತದೆ. ಆ ಎತ್ತು ಪಿಕಪ್ಪೇ ಆಗಬೇಕು, ಕಾರು ನಡೆಯದು. ಮುದುಕ ಹೇಳಿದ: "ಆಗಸ್ಟ್ ಮೊದಲ ವಾರ ಈ ಜಾಗ ಖಾಲಿ ಮಾಡ್ತೀನಿ. ಅಷ್ಟರೊಳಗೆ ಎಳೆದುಕೊಂಡು ಹೋದರೆ ನಿಮ್ಮದು. ಇಲ್ಲದಿದ್ದರೆ ಕೇಳಿದ ಇನ್ನೊಬ್ಬನಿಗೆ."

ನನ್ನ ಕೈಯಲ್ಲಿ ಆರು ವಾರ ಇತ್ತು.

೧. ಯಜಮಾನರ ಪ್ರಶ್ನೆ

ಮೊದಲ ಷೋರೂಮಿಗೆ ನಮ್ಮ ಮನೆಯವರನ್ನು ಕರೆದುಕೊಂಡು ಹೋದದ್ದು ತಪ್ಪಾಯಿತು. ಅವರಿಗೆ ಗಾಡಿಯ ಗಂಧಗಾಳಿ ಇಲ್ಲ, ಓಡಿಸುವುದೂ ಇಲ್ಲ. ಆದರೆ ಮೀಸೆ ಇದೆ. ಮಾರುವ ಹುಡುಗ ನೇರ ಮೀಸೆಗೇ ಕೈ ಕುಲುಕಿದ.

"ಬೆನ್ನ ಮೇಲೆ ಎಷ್ಟು ತೂಕ ತಡೆಯುತ್ತದೆ?" ಎಂದು ನಾನು ಕೇಳಿದೆ. ಟ್ರೇಲರಿನ ತೂಕ ಸಾಮಾನು ಸಮೇತ ಮೂರು ಟನ್. ಅದರಲ್ಲಿ ಸುಮಾರು ಐದನೇ ಒಂದು ಪಾಲು, ಅಂದರೆ ಆರುನೂರು ಕಿಲೋ, ಪಿಕಪ್ಪಿನ ಬೆನ್ನಿಗೆ ಬೀಳುತ್ತದೆ ಎಂದು ಲೈಬ್ರರಿಯ ಪುಸ್ತಕದಲ್ಲಿ ಓದಿಕೊಂಡು ಹೋಗಿದ್ದೆ.

ಹುಡುಗ ಮನೆಯವರ ಕಡೆ ತಿರುಗಿ ಇಂಜಿನ್ನಿನ ಶಕ್ತಿ ಹೇಳಿದ. ನಾನು ಮತ್ತೆ ಕೇಳಿದೆ. ಅವನು ಮನೆಯವರಿಗೆ ಸೀರೆ ಅಂಗಡಿಯವರ ಹಾಗೆ ಸೀಟುಗಳ ಬಣ್ಣ ತೋರಿಸಿದ. ಮೂರನೇ ಸಲ ಕೇಳಿದಾಗ ನನ್ನ ಕಡೆ ನಕ್ಕು, "ಮೇಡಂ, ಕಪ್ ಇಡಲು ನಾಲ್ಕು ಜಾಗ ಇದೆ" ಎಂದ.

ಹೊರಗೆ ಬಂದ ಮೇಲೆ ಮನೆಯವರನ್ನು ಕೇಳಿದೆ. "ನೀವಾರ ಒಂದು ಮಾತು ಕೇಳಬಾರದೇನ್ರೀ? ಅರ್ಧ ತಾಸು ತಲಿ ಹಾಕ್ಕೋತ ನಿಂತ್ರಿ."

"ಕೇಳೋಣಂತ ಇದ್ದೆ," ಎಂದರು, "ಕಪ್ ಮುಂದ ಇಡ್ತಾರ ಖರೆ, ಬಸಿ ಎಲ್ಲಿಡ್ತಾರ?"

೨. ಅಳಿಯನ ಪಟ್ಟಿ

ನಮ್ಮ ಅಳಿಯ ಬೆಂಗಳೂರಿನವರು, ಕ್ರೋಯ್ಡನ್ನಿನಲ್ಲಿ ಕಂಪ್ಯೂಟರ್ ಕೆಲಸ. ಒಳ್ಳೆಯವರು, ಆದರೆ ಪಟ್ಟಿ ಮಾಡದೆ ನೀರು ಕುಡಿಯುವವರಲ್ಲ. ಹದಿನೇಳು ಪಿಕಪ್‌ಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಅಂಕ ಕೊಟ್ಟು ತಂದರು.

"ಅತ್ತೆ, ನೀವು ಇದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ. ಎರಡು ಸಾಲು ಸೀಟಿರೋದು ತಗೊಳ್ಳೋಣ. ಎಲ್ಲರೂ ಕೂತ್ಕೋಬಹುದು. ಓಡಿಸೋದು ನಾನು ನೋಡ್ಕೋತೀನಿ."

"ನಿಮ್ಮ ಲೈಸೆನ್ಸ್ ಯಾವಾಗಿಂದು?"

"ಇಲ್ಲಿಗೆ ಬಂದ್ಮೇಲೆ ತಗೊಂಡಿದ್ದು. ಫಸ್ಟ್ ಅಟೆಂಪ್ಟ್‌ನಲ್ಲೇ ಪಾಸು."

ನಾನು ನನ್ನ ಲೈಸೆನ್ಸ್ ತಂದು ಮೇಜಿನ ಮೇಲೆ ಇಟ್ಟೆ. ಈ ದೇಶದಲ್ಲಿ ತೊಂಬತ್ತೇಳರಲ್ಲಿ ಕಾನೂನು ಬದಲಾಯಿತು. ಅದಕ್ಕೆ ಮುಂಚೆ ಪಾಸಾದವರು ದೊಡ್ಡ ಟ್ರೇಲರ್ ಎಳೆಯಬಹುದು. ಆಮೇಲೆ ಪಾಸಾದವರು ಅದಕ್ಕೆಂದೇ ಇನ್ನೊಂದು ಪರೀಕ್ಷೆ ಕೊಡಬೇಕು. ನಾನು ಮುಂಚಿನವಳು, ಅವರು ಆಮೇಲಿನವರು. ಅಳಿಯ ಕಾನೂನಿನ ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ ಹಿಂಬದಿಯಲ್ಲಿ ಏನಾದರೂ ಬರೆದಿದೆಯೇ ಎಂದು ತಿರುಗಿಸಿ ನೋಡಿದರು.

ಮಗಳು ಇಂಗ್ಲಿಷಿನಲ್ಲಿ ಗಂಡನಿಗೆ ಹೇಳಿದಳು: "ಅಮ್ಮ ಎಷ್ಟನೇ ಸಲಕ್ಕೆ ಪಾಸಾದಳು ಅಂತ ಕೇಳು."

"ನಾಲ್ಕನೇ ಸಲಕ್ಕೆ," ಎಂದೆ ನಾನು. "ಪರೀಕ್ಷೆ ಮಾಡೋರು ನಾಲ್ಕು ಮಂದಿ ನೋಡಿ ಒಪ್ಪಿದ ಲೈಸೆನ್ಸ್ ಇದು. ನಿಮ್ಮದು ಒಬ್ಬನೇ ನೋಡಿದ್ದು."

೩. ರಟ್ಟಿನ ಕತ್ತು

ಎರಡು ಸಾಲು ಸೀಟಿನ ಗಾಡಿಯ ಬಗ್ಗೆ ನನಗೆ ಮೊದಲೇ ಸಂಶಯವಿತ್ತು. ಸೀಟು ಉದ್ದವಾದಷ್ಟೂ ಬೆನ್ನು ಗಿಡ್ಡವಾಗುತ್ತದೆ. ಬೆನ್ನು ಗಿಡ್ಡವಾದರೆ, ತಿರುವಿನಲ್ಲಿ ಟ್ರೇಲರಿನ ಮೂತಿ ಬಂದು ಗಾಡಿಯ ಹಿಂದಿನ ಗಾಜಿಗೆ ಬಡಿಯುತ್ತದೆ. ಯಾವ ಮಾರುವವನೂ ಇದನ್ನು ಒಪ್ಪಲಿಲ್ಲ.

ರೋಮ್‌ಫೋರ್ಡಿಗೆ ಹೋಗಿ ಟ್ರೇಲರಿನ ಮೂತಿಯನ್ನು ಅಳೆದುಕೊಂಡು ಬಂದೆ. ಫ್ರಿಜ್ ಬಂದ ರಟ್ಟಿನ ಡಬ್ಬಿ ಬಿಚ್ಚಿ, ಅದೇ ಅಳತೆಗೆ ಕತ್ತರಿಸಿ, ನಡುವೆ ಒಂದು ಲಟ್ಟಣಿಗೆ ಚುಚ್ಚಿದೆ. ಅದನ್ನು ಹೊತ್ತು ಷೋರೂಮಿಗೆ ಹೋಗಿ, ಪಿಕಪ್ಪಿನ ಬೆನ್ನೇರಿ, ಟ್ರೇಲರಿನ ಕೊಂಡಿ ಕೂರುವ ಜಾಗದಲ್ಲಿ ಲಟ್ಟಣಿಗೆ ನಿಲ್ಲಿಸಿ ತಿರುಗಿಸಿದೆ. ರಟ್ಟು ಅರ್ಧ ತಿರುವಿಗೇ ಗಾಜಿಗೆ ತಟ್ಟಿತು.

ಟೈ ಕಟ್ಟಿದ ಮ್ಯಾನೇಜರ್ ಓಡಿಬಂದ. "ಮೇಡಂ, ರಟ್ಟು ತಿರುಗಿದ ಹಾಗೆ ಟ್ರೇಲರ್ ತಿರುಗುವುದಿಲ್ಲ. ನೀವು ನೇರ ಓಡಿಸಿದರೆ ಏನೂ ಆಗುವುದಿಲ್ಲ."

"ನೇರ ಓಡಿಸಿದರೆ ನಾನು ಸ್ಕಾಟ್‌ಲೆಂಡಿನಲ್ಲಿ ಇಳಿಯುತ್ತೇನೆ," ಎಂದೆ. "ಮದುವೆ ಪಿನ್ನರಿನಲ್ಲಿದೆ."

೪. ಆಗ್ನೇಯ

ಅಷ್ಟರಲ್ಲಿ ಮನೆಯವರ ಅಕ್ಕ ಬಂದರು. ನಮ್ಮ ಬಳಗದಲ್ಲಿ ಅವರ ಮಾತೆಂದರೆ ಮಾತು. ಟ್ರೇಲರಿನ ನಕ್ಷೆ ನೋಡಿ ಕೇಳಿದರು: "ಒಲಿ ಹಿಂದ ಯಾಕ ಇಟ್ಟೀ? ಒಲಿ ಆಗ್ನೇಯಕ್ಕ ಇರಬೇಕು. ಮುಂದಿನ ಮೂಲಿಗೆ ತಗೊಂಬಾ."

ಒಲೆ, ಗ್ಯಾಸ್, ಹಂಚು ಎಲ್ಲ ಮುಂದೆ ತಂದರೆ ಪಿಕಪ್ಪಿನ ಬೆನ್ನಿಗೆ ಇನ್ನೂ ನೂರು ಕಿಲೋ ಬೀಳುತ್ತಿತ್ತು. ಅದನ್ನು ಹೇಳಿದರೆ, "ಅಗ್ನಿಗೆ ತೂಕ ಎಲ್ಲಿಂದ ಬಂತು?" ಎಂದರು.

"ಅಕ್ಕಾರ, ಟ್ರೇಲರ್ ಒಂದ ಕಡೆ ನಿಲ್ಲೂದಿಲ್ಲ. ಇವತ್ತು ಮುಂದಿನ ಮೂಲಿ ಆಗ್ನೇಯ, ನಾಳೆ ವಾಯವ್ಯ."

ಅಕ್ಕ ಸೋಲುವವರಲ್ಲ. "ಹಂಗಾರ ನಿಲ್ಲಸೂ ಮುಂದ ನೋಡಿ ನಿಲ್ಲಸು. ಒಲಿ ಆಗ್ನೇಯಕ್ಕ ಬರೂಹಂಗ."

"ಆತ್ರೀ. ಮತ್ತ ದಾರ್ಯಾಗ?"

"ದಾರ್ಯಾಗ ಒಲಿ ಆರಿರ್ತೈತಿ. ವಾಸ್ತುನೂ ಕಣ್ಣು ಮುಚ್ಚಿರ್ತೈತಿ."

ಒಲೆ ಹಿಂದೆಯೇ ಉಳಿಯಿತು. ದಿಕ್ಕು ನೋಡಿ ನಿಲ್ಲಿಸಲೆಂದು ಅಕ್ಕ ಕೊಟ್ಟ, ನನ್ನ ನೂರು ಕಿಲೋ ಉಳಿಸಿದ ದಿಕ್ಸೂಚಿ ಈಗಲೂ ಪಿಕಪ್ಪಿನಲ್ಲಿದೆ. ಬಯಲುಗಳಲ್ಲಿ ಗಾಡಿ ನಿಲ್ಲಿಸಲು ಜಾಗ ತೋರಿಸುವ ಇಂಗ್ಲಿಷರಿಗೆ, ಈ ಹೆಂಗಸು ಮೂರು ಸಲ ಹಿಂದೆ ಮುಂದೆ ಮಾಡಿ ಯಾಕೆ ಓರೆ ನಿಲ್ಲಿಸುತ್ತಾಳೆ ಎಂದು ಇನ್ನೂ ಗೊತ್ತಾಗಿಲ್ಲ.

೫. ಐನೂರ ತೊಂಬತ್ತು

ಐದು ವಾರ ಕಳೆದವು. ಕೊನೆಗೆ ಕ್ರೋಯ್ಡನ್ ಆಚೆ ಒಂದು ಯಾರ್ಡಿನಲ್ಲಿ ಒಂದೇ ಸಾಲು ಸೀಟಿನ, ಉದ್ದ ಬೆನ್ನಿನ ಎರಡು ಹಳೆಯ ಪಿಕಪ್ ಸಿಕ್ಕವು. ಒಂದು ಕೆಂಪು, ಮಿರಿಮಿರಿ ಮಿಂಚುತ್ತಿತ್ತು. ಇನ್ನೊಂದು ಬೂದು ಬಣ್ಣದ್ದು, ಬಾಗಿಲ ಮೇಲೆ ತಗ್ಗು. ರಟ್ಟಿನ ಕತ್ತು ಎರಡರಲ್ಲೂ ಸರಾಗ ತಿರುಗಿತು. ನಿಜ ಹೇಳಬೇಕೆಂದರೆ ನನ್ನ ಮನಸ್ಸು ಕೆಂಪಿನ ಮೇಲೆಯೇ ಇತ್ತು. ಮದುವೆ ಮನೆಗೆ ಹೋಗುವ ಗಾಡಿ, ಲಕ್ಷಣವಾಗಿರಲಿ ಅನಿಸಿತ್ತು.

ಯಾರ್ಡಿನ ಯಜಮಾನ ಗುಜರಿ ಕಬ್ಬಿಣವನ್ನೂ ಕೊಳ್ಳುತ್ತಿದ್ದ ದಪ್ಪ ಮನುಷ್ಯ. "ಎರಡೂ ಒಂದು ಟನ್ ಹೊರುತ್ತವೆ. ಪುಸ್ತಕದಲ್ಲೇ ಇದೆ," ಎಂದ.

"ಪುಸ್ತಕ ಬರೆದಾಗ ಇವು ಹೊಸವು. ನನಗೆ ಆರುನೂರು ಕಿಲೋ ಹೇರಿ ತೋರಿಸಿ."

"ಗುಜರಿಯೆಲ್ಲ ನಿನ್ನೆ ಹೋಯಿತು. ಭಾರ ನೀವೇ ತನ್ನಿ, ನೋಡೋಣ."

ಭಾರ ನಾನೇ ತಂದೆ. ನಮ್ಮ ಹ್ಯಾರೋದ ಭಜನಾ ಮಂಡಳಿಯ ಹೆಂಗಸರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ತೂಕ ಕೇಳಿದೆ. ಐವತ್ತೆಂಟು, ಐವತ್ತಾರು, ಅರವತ್ತು. ಅರವತ್ತೆರಡಕ್ಕಿಂತ ಮೇಲೆ ಯಾರೂ ಹೋಗಲಿಲ್ಲ. ಕೂಡುತ್ತಾ ಹೋದೆ. ಹತ್ತು ಜನಕ್ಕೆ ಐನೂರ ತೊಂಬತ್ತಾಯಿತು. ಸಾಕು ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಹತ್ತೂ ಜನ ರೈಲು ಹಿಡಿದು, ಟ್ರಾಮ್ ಹಿಡಿದು, ಸೀರೆಯ ಮೇಲೆ ಕೋಟು ತೊಟ್ಟು ಯಾರ್ಡಿಗೆ ಇಳಿದರು. ಯಜಮಾನ ಒಂದು ಸ್ಟೂಲು ತಂದಿಟ್ಟು, ಒಬ್ಬೊಬ್ಬರಿಗೇ ಕೈಕೊಟ್ಟು ಕೆಂಪು ಗಾಡಿಯ ಬೆನ್ನಿಗೆ ಹತ್ತಿಸಿದ. ಏಳನೆಯವರು ಹತ್ತುವವರೆಗೆ ಗಾಡಿ ಸುಮ್ಮನಿತ್ತು. ಎಂಟನೆಯವರಿಗೆ ನರಳಿತು. ಹತ್ತನೆಯವರು, ಮಂಡಳಿಯ ಹಿರಿಯರು, ಕೂತದ್ದೇ ತಡ, ಹಿಂಬದಿ ಕುಸಿದು ಟೈರು ಮೇಲಿನ ತಗಡಿಗೆ ತಾಗಿ, ಗಾಡಿ ಮೂತಿ ಎತ್ತಿ ಆಕಾಶ ನೋಡಿತು.

"ಆರುನೂರಕ್ಕೆ ಹೀಗಾಗಲು ಸಾಧ್ಯವಿಲ್ಲ," ಎಂದ ಯಜಮಾನ. "ಎಷ್ಟಿದೆ ಭಾರ?"

"ಐನೂರ ತೊಂಬತ್ತು."

ಅವನು ಹೆಂಗಸರನ್ನು ನೋಡಿದ, ಟೈರನ್ನು ನೋಡಿದ, ಮತ್ತೆ ಹೆಂಗಸರನ್ನು ನೋಡಿದ. ಮರ್ಯಾದಸ್ಥ, ಇಳಿಸಲು ಮತ್ತೆ ಸ್ಟೂಲು ತಂದಿಟ್ಟ.

ಎಲ್ಲರನ್ನೂ ಇಳಿಸಿ ಬೂದು ಗಾಡಿಗೆ ಹತ್ತಿಸಿದೆವು. ಅದು ನಾಲ್ಕು ಬೆರಳಷ್ಟು ತಗ್ಗಿ, ಅಲ್ಲೇ ಗಟ್ಟಿ ನಿಂತಿತು. "ಇದ ಚೊಲೋ ಐತಿ, ಕೆಂಪಂದು ಮೆತ್ತಗ ಇತ್ತು," ಎಂದು ಹಿರಿಯರು ತೀರ್ಪು ಕೊಟ್ಟರು.

ಆದರೆ ತನ್ನ ಕೆಂಪು ಗಾಡಿಗೆ ಕೆಟ್ಟ ಹೆಸರು ಬಂತೆಂದು ಯಜಮಾನನಿಗೆ ತಡೆಯಲಾಗಲಿಲ್ಲ. ಗುಜರಿ ಲಾರಿ ತೂಗುವ ತೂಕದ ಕಟ್ಟೆ ಯಾರ್ಡಿನಲ್ಲೇ ಇತ್ತು. ಹೆಂಗಸರ ಸಮೇತ ಬೂದು ಗಾಡಿಯನ್ನು ಮೆಲ್ಲಗೆ ಅದರ ಮೇಲೆ ತಂದು ನಿಲ್ಲಿಸಿ, ಕೆಳಗಿಳಿದ. ಖಾಲಿ ಗಾಡಿಯ ತೂಕ ಅವನಿಗೆ ಗೊತ್ತಿತ್ತು. ಕಚೇರಿಯೊಳಗೆ ಕೂತಿದ್ದ ಅವನ ಹೆಂಡತಿ ಲೆಕ್ಕ ಕಳೆದು, ಲಾರಿಯವರಿಗೆ ಹೇಳುವ ರೂಢಿಯಂತೆ, ಇಡೀ ಯಾರ್ಡಿಗೆ ಕೇಳುವ ಹಾಗೆ ಮೈಕಿನಲ್ಲಿ ಹೇಳಿದಳು: "ಸರಕು, ಏಳುನೂರ ಎಂಬತ್ತು ಕಿಲೋ."

ಗಾಡಿಯ ಬೆನ್ನ ಮೇಲಿಂದ ಒಬ್ಬರು ಕೋಟು ಭಾರ ಎಂದರು. ಇನ್ನೊಬ್ಬರು ಊಟದ ಡಬ್ಬಿ ತೋರಿಸಿದರು. "ನಾ ಹೇಳಿದ್ದು ಮದುವ್ಯಾಗಿದ್ದ ತೂಕ," ಎಂದು ಮೂರನೆಯವರು ಒಪ್ಪಿಕೊಂಡರು. "ಫೋನ್‌ನಾಗ ಯಾವಾಗಿಂದು ಅಂತ ನೀ ಎಲ್ಲಿ ಕೇಳಿದಿ?"

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇವರು ಖರೆ ಹೇಳಿದ್ದರೆ ನಾನು ಏಳೆಂಟು ಜನರನ್ನಷ್ಟೇ ಕರೆತರುತ್ತಿದ್ದೆ, ಕೆಂಪು ಗಾಡಿ ಹೇಗೋ ತಡೆದುಕೊಳ್ಳುತ್ತಿತ್ತು, ನಾನು ಅದನ್ನೇ ಕೊಂಡುಬಿಡುತ್ತಿದ್ದೆ. ಮದುವೆಯ ಹಿಂದಿನ ದಿನ ಹಿಟ್ಟಿನ ಚೀಲ, ನೀರಿನ ಕ್ಯಾನು, ಎಣಗಾಯಿ ಪಲ್ಯದ ಹಂಡೆ ಎಲ್ಲ ಹೇರಿದ ಮೇಲೆ ಬೆನ್ನಿಗೆ ಬಿದ್ದ ಭಾರ ಏಳುನೂರು ದಾಟಿತ್ತು. ನನ್ನ ತೂಕದ ಲೆಕ್ಕದಲ್ಲಿ ಹಿಟ್ಟು, ನೀರು ಎರಡೂ ಬಿಟ್ಟುಹೋಗಿದ್ದವು. ನಾನು ಕೊಂಡ ಬೂದು ಗಾಡಿ ನಾಲ್ಕು ಬೆರಳು ತಗ್ಗಿತು, ಅಷ್ಟೇ. ರೋಮ್‌ಫೋರ್ಡಿನಿಂದ ಟ್ರೇಲರನ್ನು ಹೇಳಿದ ವಾರದೊಳಗೆ ತಂದವಳೂ ನಾನೇ, ಪಿನ್ನರಿನ ಬಯಲಿಗೆ ಒಯ್ದವಳೂ ನಾನೇ. ಮುನ್ನೂರು ತಾಟಿಗೂ ರೊಟ್ಟಿ ಬಿಸಿಯಾಗಿಯೇ ಬಿತ್ತು.

ಆ ಶನಿವಾರ ಯಾರ್ಡಿನಲ್ಲಿ ಹೆಂಗಸರು ಮುಖ ಗಂಟಿಕ್ಕಿಕೊಂಡು ಇಳಿಯುತ್ತಿದ್ದಾಗ, ಯಜಮಾನ ತೂಕದ ಚೀಟಿ ಹಿಡಿದುಕೊಂಡು ಬಂದ. ಚೀಟಿ ಕೊಡದೆ ಯಾರನ್ನೂ ಕಟ್ಟೆಯಿಂದ ಇಳಿಸುವುದಿಲ್ಲವಂತೆ, ಅದು ನಿಯಮ. ಯಾರೂ ಕೈ ಚಾಚಲಿಲ್ಲ. ಕೊನೆಗೆ ಹಿರಿಯರೇ ಇಸಿದುಕೊಂಡು, ಕನ್ನಡಕ ಏರಿಸಿ, ನನಗೆ ಕೊಟ್ಟು ಓದು ಎಂದರು.

ಗುಜರಿ ತೂಗುವಾಗ ತುಂಬುವ ಅದೇ ಚೀಟಿ. ಕೈರೂಢಿಯಲ್ಲಿ ಎಲ್ಲ ಕಾಲಂ ತುಂಬಿಸಿದ್ದ. ನಾನು ಓದಿದೆ: "ಸರಕು: ಮಿಶ್ರ. ವಯಸ್ಸು: ಹಳೆಯದು. ಸ್ಥಿತಿ: ಉತ್ತಮ."

ಹಿರಿಯರು ಚೀಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡು, ನಾಲ್ಕು ಮಡಿಕೆ ಮಾಡಿ ಕುಪ್ಪಸದಲ್ಲಿ ಇಟ್ಟುಕೊಂಡರು. "ನಮ್ಮ ಮನಿಯವರಿಗೆ ತೋರಸ್ತೀನಿ," ಎಂದರು. "ನಲವತ್ತು ವರ್ಷ ಆತು, ಒಂದ ಸಲಾನೂ ಉತ್ತಮ ಅಂದವರಲ್ಲ. ಇದು ಸರಕಾರಿ ಮುದ್ರಿ ತಕ್ಕಡಿ."