ಟೇಲರ್ ಗುರುಪಾದ ಬಾರಿಸಿದ ಚರ್ಚಿನ ಗಂಟೆ

ಸಾಮುವೇಲಪ್ಪನ ಕಾಲು ಉಳುಕಿದ್ದು ಶನಿವಾರ. ಅದರ ನೋವು ಟೇಲರ್ ಗುರುಪಾದನಿಗೆ ತಾಗಿದ್ದು ರವಿವಾರ.

ಗೋಕಾಕದ ಹಳೇ ಪ್ಯಾಟಿಯಲ್ಲಿ ಕಲ್ಲಿನ ಚರ್ಚೊಂದಿದೆ. ಎಮ್ಮೆಯ ಬಗಲಿಗೆ ನಿಂತ ಕರುವಿನ ಹಾಗೆ ಅದರ ಗೋಡೆಗೆ ಆತುಕೊಂಡು ಒಂದು ಖೋಲಿ. ಖೋಲಿ ಚರ್ಚಿನದು, ಒಳಗಿನ ಹೊಲಿಗೆ ಮಶೀನು ಗುರುಪಾದನದು. ಹದಿನೆಂಟು ವರ್ಷದಿಂದ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಅಲ್ಲೇ ಕೂತು ಊರ ಹೆಣ್ಣುಮಕ್ಕಳ ಜಂಪರು ಹೊಲಿಯುತ್ತಿದ್ದ. ಕರಾರು ಈ ತಿಂಗಳಿಗೆ ಮುಗಿಯುತ್ತಿತ್ತು. ಅದನ್ನು ಮುಂದುವರಿಸಬೇಕೋ ಬೇಡವೋ ಎಂದು ರವಿವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಕಮಿಟಿಯವರು ಹೇಳುವವರಿದ್ದರು. ಖೋಲಿ ಕೈಬಿಟ್ಟರೆ ಆ ಪ್ಯಾಟಿಯಲ್ಲಿ ಇನ್ನೊಂದು ಸಿಗುವ ಮಾತೇ ಇಲ್ಲ. "ಮಶೀನು ಮನಿಗೆ ತಂದಿರೋ, ನಾ ತವರಮನಿಗೆ ಹೊಂಟೆ" ಎಂದು ಹೆಂಡತಿ ದಾಕ್ಷಾಯಿಣಿ ಆಗಲೇ ಎಚ್ಚರಿಕೆ ಕೊಟ್ಟಿದ್ದಳು.

ಹಾಗಾಗಿ ಆ ಬೆಳಿಗ್ಗೆ ಕಮಿಟಿಯ ಹಿರಿಯರಾದ ಸತ್ಯಪ್ಪ ಮಾಸ್ತರರು ಚರ್ಚಿನ ಮೆಟ್ಟಿಲ ಮೇಲೆ ತಲೆ ಕೆರೆದುಕೊಳ್ಳುತ್ತ ನಿಂತದ್ದು ಕಂಡದ್ದೇ ತಡ, ಗುರುಪಾದ ಎದುರಿಗೆ ಹಾಜರಾದ.

"ಯಾಕ್ರಿ ಸರ, ಚಿಂತ್ಯಾಗ ಅದೀರಿ?"

"ಗಂಟಿ ಬಾರಸೋ ಸಾಮುವೇಲಪ್ಪ ಕಾಲ ಉಳಕಿಸಿಕೊಂಡು ಮನ್ಯಾಗ ಕುಂತಾನೋ. ನಮ್ಮ ಪಾಸ್ಟರ್ ಅಯ್ನೋರು ಅಂಕಲಗಿ ಚರ್ಚಿನ್ಯಾಗ ಆರಾಧನಿ ಮುಗಿಸಿ ನಿಂತಾರ, ನಾ ಗಾಡಿ ಮ್ಯಾಲ ಕರಕೊಂಡ ಬರಬೇಕು. ಗಂಟಿ ಯಾರ ಬಾರಸ್ತಾರ?"

"ನಾ ಇಲ್ಲೇನ್ರಿ?"

"ನಿನಗ ಬರತೈತೇನು?"

"ಅಲ್ರಿ ಸರ, ಗಂಟಿ ಬಾರಸೂದನ್ನೂ ಸಾಲ್ಯಾಗ ಕಲಸ್ತಾರೇನ್ರಿ? ಸಣ್ಣಾಂವ ಇದ್ದಾಗಿಂದ ಗುಡಿ ಗಂಟಿ ಬಾರಸ್ಕೋತ ಬಂದೇನಿ."

ಮಾಸ್ತರರಿಗೂ ಹೊತ್ತಾಗಿತ್ತು. "ಹತ್ತಕ್ಕ ಶುರು ಮಾಡು" ಎಂದು ಗಾಡಿ ಹತ್ತಿ ಹೋದರು.

ಗುರುಪಾದ ಚಪ್ಪಲಿ ಬಿಟ್ಟ, ಕೈಕಾಲು ತೊಳೆದ, ಹಗ್ಗ ಹಿಡಿದು ಜಗ್ಗಿದ. ಢಣ್! ಹಗ್ಗ ಬಿಟ್ಟು ಕೈಮುಗಿದ, ಕಣ್ಣು ಮುಚ್ಚಿದ. "ನೀ ಯಾವ ದೇವರಾದ್ರೂ ಇರಪಾ, ಖೋಲಿ ಒಂದು ಉಳಸು." ಮತ್ತೆ ಹಗ್ಗ ಜಗ್ಗಿದ. ಢಣ್! ಮತ್ತೆ ಕೈಮುಗಿದ. ಗುಡಿಯಲ್ಲಿ ಹೇಗೋ ಹಾಗೆ, ಒಂದು ಪೆಟ್ಟಿಗೆ ಒಂದು ನಮಸ್ಕಾರ.

ಆ ಗಂಟೆಗೆ ತನ್ನದೊಂದು ಪದ್ಧತಿಯಿತ್ತು. ಆರಾಧನೆಗೆ ಕರೆಯುವಾಗ ಉಸಿರು ಬಿಡದೆ ಢಣಢಣಢಣ. ಯಾರಾದರೂ ತೀರಿಕೊಂಡರೆ ಒಂದು ಪೆಟ್ಟು, ಸ್ವಲ್ಪ ಮೌನ, ಮತ್ತೊಂದು ಪೆಟ್ಟು. ಇದು ಪ್ಯಾಟಿಯ ಯಾವ ಜಾತಿಯ, ಯಾವ ಧರ್ಮದ ಮನುಷ್ಯನಿಗೂ ಗೊತ್ತು. ಅದರ ಬುಡದಲ್ಲೇ ಕೂತ ಗುರುಪಾದನಿಗೆ ಮಾತ್ರ ಗೊತ್ತಿರಲಿಲ್ಲ. ಹದಿನೆಂಟು ವರ್ಷವೂ ಗಂಟೆ ಶುರುವಾದೊಡನೆ ಅವನು ಎರಡೂ ಕಿವಿಗೆ ಬೆರಳು ಇಟ್ಟುಕೊಳ್ಳುತ್ತಿದ್ದ.

ಎದುರಿನ ಕಟ್ಟೆಯ ಮೇಲೆ ಹೂ ಮಾರುವ ಚನ್ನವ್ವ ಕಟ್ಟುತ್ತಿದ್ದ ಮಾಲೆ ಕೈಬಿಟ್ಟಳು. "ಅಯ್ಯ ಶಿವನ, ಯಾರ ಹ್ವಾದ್ರೋ?"

ಬಾಜೂದಲ್ಲಿ ಫ್ಲೆಕ್ಸ್ ಬ್ಯಾನರ್ ಅಂಗಡಿಯ ಶುಭಮ್ ಹೊರಗೆ ಬಂದು ಕಿವಿಗೊಟ್ಟ. "ಕಾಕೂ, ಇದು ಸಾಮುವೇಲಪ್ಪ ಕಾಕಾನ ಕೈ ಅಲ್ಲ. ಅಂವ ಬಾರಸಾಕತ್ತಿಲ್ಲ ಅಂದ್ರ..."

"ಅಂದ್ರ?"

"ಅಂವಗ ಬಾರಸಾಕತ್ತಾರ!"

ಹತ್ತು ನಿಮಿಷದಲ್ಲಿ ಸಾಮುವೇಲಪ್ಪ ಎಲ್ಲರ ಮೊಬೈಲಿನಲ್ಲೂ ಸತ್ತಿದ್ದ. ಶುಭಮ್ ಹಾಕಿದ ಫೋಟೋದ ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ', ಸುತ್ತ ಗುಲಾಬಿ ಹೂ. ಬಾಂಡೆ-ಪಾತ್ರೆ ಅಂಗಡಿಯವರು ಬಂದರು, ಕರದಂಟಿನ ಅಂಗಡಿಯವರು ಬಂದರು, ಕಲ್ಲೋಳಿಯಿಂದ ಸಂತೆಗೆಂದು ಬಂದವರು ಯಾರು ಸತ್ತದ್ದು ಎಂದೂ ಕೇಳದೆ ಬಂದರು. ಹಗ್ಗ ಹಿಡಿದ ಗುರುಪಾದನ ಎದೆ ಉಬ್ಬಿತು. ಏನು ಕೈಗುಣ! ಮತ್ತೂ ಭಕ್ತಿಯಿಂದ ಜಗ್ಗಿದ.

ಚನ್ನವ್ವ ಆಳುದ್ದದ ಮಾಲೆ ಹೊತ್ತು ಬಂದಳು. "ಎಲ್ಲಿ ಇಟ್ಟೀರೋ ಗುರುಪಾದ?"

ಮಾಲೆ ಪಾಸ್ಟರಿಗೇ ಇರಬೇಕೆಂದುಕೊಂಡ ಗುರುಪಾದ. "ಇನ್ನೂ ಅಂಕಲಗಿಯಿಂದ ಬರಬೇಕವ್ವಾ. ಗಾಡಿ ಮ್ಯಾಲ ತರಾಕತ್ತಾರ."

"ಅಂಕಲಗ್ಯಾಗ ಸತ್ತಾನಂತ! ಗಾಡಿ ಮ್ಯಾಲ ತರಾಕತ್ತಾರಂತ!" ಸುದ್ದಿ ಬಾಗಿಲಿನಿಂದ ಕಿಟಕಿಗೆ ಹಾರಿತು.

ಅಷ್ಟರಲ್ಲಿ ಕಾಯಿಪಲ್ಲೆ ಚೀಲ ಹಿಡಿದ ಸಾಮುವೇಲಪ್ಪನ ಹೆಂಡತಿ ರೂತವ್ವ ಬಜಾರದಿಂದಲೇ ಓಡಿಬಂದಳು. "ಈಗರೆ ಬಿಸಿನೀರಾಗ ಕಾಲ ಇಟ್ಟ ಕುಂದರಿಸಿ ಬಂದೇನಿ, ಅಂಕಲಗಿಗೆ ಯಾವಾಗ ಹ್ವಾದ್ಯೋ ನನ ರಾಜಾ!"

ಗುರುಪಾದನಿಗೆ ಅರ್ಥವಾಗಲಿಲ್ಲ. "ಯಾರ ಸಲುವಾಗಿ ಅಳಾಕತ್ತಾರ?" ಎಂದು ಶುಭಮನ ಕಿವಿಯಲ್ಲಿ ಕೇಳಿದ.

"ಸಾಮುವೇಲಪ್ಪ ಕಾಕಾ ತೀರಿಕೊಂಡಾನಲ್ರಿ."

"ಆಂ? ನಿನ್ನೆರೆ ಪ್ಯಾಂಟ್ ಹೊಲಿಯಾಕ ಕೊಟ್ಟಾನಲ್ಲೋ!" ಗುರುಪಾದನ ಕಣ್ಣು ತುಂಬಿ ಬಂದವು. ಅವನೂ ಅತ್ತ. ಅಳುತ್ತಳುತ್ತಲೇ, ಸತ್ತ ಗೆಳೆಯನ ಕೆಲಸ ಅರ್ಧಕ್ಕೆ ನಿಲ್ಲಬಾರದೆಂದು ಇನ್ನೂ ನಾಲ್ಕು ಪೆಟ್ಟು ಬಾರಿಸಿದ.

ಮಾಸ್ತರರ ಗಾಡಿಯಿಂದ ಇಳಿದ ಪಾಸ್ಟರು ಬಾಗಿಲಲ್ಲಿ ನಿಂತೇಬಿಟ್ಟರು. ವಾರವಾರವೂ ಮೂವತ್ತು ಜನರಿಗೆ, ಅದರಲ್ಲೂ ಎಂಟು ಜನ ನಿದ್ದೆ ಹೋದವರಿಗೆ ಉಪದೇಶ ಮಾಡಿದವರು. ಇಂದು ಕಿಟಕಿಯಲ್ಲೂ ತಲೆಗಳು, ಎಲ್ಲರ ಕಣ್ಣಲ್ಲೂ ನೀರು! ಯಾರನ್ನೂ ಏನೂ ಕೇಳದೆ ನೆಟ್ಟಗೆ ಹೋಗಿ ಉಪದೇಶ ಶುರು ಮಾಡಿದರು. ಸಾವು ಕೊನೆಯಲ್ಲ, ಸತ್ತವರು ಎದ್ದು ಬರುತ್ತಾರೆ ಎಂದು ಕೈಯೆತ್ತಿ ಹೇಳಿ, ಬಾಗಿಲ ಕಡೆ ಬೆರಳು ತೋರಿಸಿದರು.

ಬಾಗಿಲಲ್ಲಿ ಸಾಮುವೇಲಪ್ಪ ನಿಂತಿದ್ದ. ಬಿಳೀ ಅಂಗಿ, ಬಿಳೀ ಧೋತರ, ಕಾಲಿಗೆ ಬಿಳೀ ಪಟ್ಟಿ. ಸಾವಿನ ಗಂಟೆ ಕೇಳಿ, ಮಣ್ಣಿಗೆ ಹೋಗುವ ಬಟ್ಟೆ ಹಾಕಿಕೊಂಡು ಕುಂಟುತ್ತ ಬಂದಿದ್ದ.

"ಯಾರ ಹ್ವಾದ್ರೋ?" ಎಂದ.

ಆಮೇಲೆ ಎದ್ದ ಗದ್ದಲದಲ್ಲಿ ಮೂರು ಬೆಂಚು ಬಿದ್ದವು. ಚನ್ನವ್ವ ಮಾಲೆಯನ್ನು ತನ್ನ ಕೊರಳಿಗೇ ಹಾಕಿಕೊಂಡಳು. ರೂತವ್ವ ಮಾತ್ರ ಮೆಂತ್ಯಪಲ್ಲೆಯ ಸೂಡು ತೆಗೆದು ಗಂಡನಿಗೆ ಬಾರಿಸಿದಳು. "ನಾ ಇಲ್ಲಿ ರಂಡಿ ಆಗಿ ಅಳಾಕತ್ತೇನಿ, ನೀ ಬಂದು ಯಾರ ಹ್ವಾದ್ರು ಅಂತಿಯಲ್ಲೋ!"

"ಹಿಂಗ ಒಂದೊಂದ ಪೆಟ್ಟು ಬಾರಿಸಿದ ಮೂಳ ಯಾರು?" ಎಂದ ಸಾಮುವೇಲಪ್ಪ.

ಎಲ್ಲರ ಕಣ್ಣೂ ಗುರುಪಾದನ ಮೇಲೆ ಬಿದ್ದವು. ಅವನು ಮೆಲ್ಲಗೆ ತನ್ನ ಖೋಲಿಗೆ ಸರಿದು ಮಶೀನಿನ ಹಿಂದೆ ಕೂತ. ಪ್ರಾರ್ಥನೆ ಮುಗಿಯಿತು, ಜನ ಚಹಾ ಕುಡಿದರು, ಕಮಿಟಿ ಒಳಗೆ ಕೂತಿತು. ಗುರುಪಾದ ಮನಸ್ಸಿನಲ್ಲೇ ಮಶೀನನ್ನು ಮನೆಯ ಯಾವ ಮೂಲೆಯಲ್ಲಿಟ್ಟರೂ ದಾಕ್ಷಾಯಿಣಿ ತವರಿನ ಬಸ್ಸು ಹತ್ತುತ್ತಿದ್ದಳು.

ಅರ್ಧ ತಾಸಿಗೆ ಸತ್ಯಪ್ಪ ಮಾಸ್ತರರು ನಗುತ್ತ ಬಂದರು.

"ಸರ, ತಪ್ಪಾತ್ರಿ."

"ತಪ್ಪೇನ್ ಬಂತೋ? ಅಯ್ನೋರು ನಿನ್ನ ಭಾಳ ಹೊಗಳಾಕತ್ತಾರ. ಇಷ್ಟ ಜನ ಈ ಚರ್ಚಿನ್ಯಾಗ ನಾ ಅಂತೂ ಕಂಡಿಲ್ಲ."

ಗುರುಪಾದನಿಗೆ ಜೀವ ಬಂತು. "ಹಂಗಾರ ನನ್ನ ಖೋಲಿ?"

"ಖೋಲಿ ನಿನಗ ಕೊಡೂದಂತ ಹೋದ ವಾರನ ಮಾತಾಗಿತ್ತು. ಬರೇ ಸಹಿ ಬಾಕಿ ಇತ್ತು."

"ಇತ್ತು ಅಂದ್ರೇನ್ರಿ?"

"ಇವತ್ತ ನೋಡಿದಿಯಲ್ಲ, ನಿಂದ್ರಾಕ ಜಾಗ ಇಲ್ಲ. ನಡುವಿನ ಗೋಡಿ ಒಡದು, ನಿನ್ನ ಖೋಲೀನೂ ಚರ್ಚಿನೊಳಗ ಕೂಡಿಸೂದಂತ ಠರಾವ್ ಆತು."

"ಸರ, ಅವರೆಲ್ಲಾ ಮಣ್ಣಿಗೆ ಬಂದವರ್ರಿ! ಬರೂ ರವಿವಾರ ಒಬ್ಬರೂ ಬರೂದಿಲ್ಲ!"

"ಬರತಾರ ತಗಿ. 'ಬರೂ ವಾರ ಯಾರ ಎದ್ದ ಬರ್ತಾರ್ರಿ' ಅಂತ ಆ ಚನ್ನವ್ವ ಈಗ ಕೇಳಿ ಹ್ವಾದ್ಲು. ಮತ್ತ ಗಂಟೀನೂ ನೀನ ಬಾರಸಬೇಕಂತ, ಅದೂ ಠರಾವಿನ್ಯಾಗ ಐತಿ."

ಗುರುಪಾದ ಮಶೀನನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದ.

"ಏಳು, ಏಳು" ಎಂದರು ಮಾಸ್ತರರು. "ಆ ಕೊರಳಾಗಿನ ಟೇಪ್ ಕೊಡಿಲ್ಲೆ, ಖೋಲಿ ಅಳತಿ ತಗೀಬೇಕು."

ಗುರುಪಾದ ಟೇಪ್ ತೆಗೆದು ಕೊಟ್ಟ.

"ಎರಡೂ ತುದಿ ನನಗ್ಯಾಕ ಕೊಡ್ತಿ? ಆ ತುದಿ ನೀ ಹಿಡಿ."

ಹಿಡಿದ.