ಅಣ್ಣನ ಬೇಸ್‌ಬಾಲ್ ಮತ್ತು ನನ್ನ ತಪ್ಪಿನ ಕಾಲಂ

ಲಂಡನ್ನಿನ ಕನ್ನಡಿಗರಲ್ಲಿ ಬೇಸ್‌ಬಾಲ್ ಬಗ್ಗೆ ಅತಿ ಹೆಚ್ಚು ತಿಳಿದವನು ನನ್ನ ಅಣ್ಣ. ಯಾಕೆಂದರೆ ತಿಳಿದವರು ಬೇರೆ ಯಾರೂ ಇಲ್ಲ! ಅವನು ಆ ಆಟವನ್ನು ಒಮ್ಮೆಯೂ ಆಡಿಲ್ಲ. ಮೈದಾನದಲ್ಲಿ ಕೂತು ನೋಡಿಯೂ ಇಲ್ಲ. ವಿಮಾನ ನಿಲ್ದಾಣದ ಪಕ್ಕದ ಹೌನ್ಸ್ಲೋದಲ್ಲಿ ನಮ್ಮ ಫ್ಲಾಟಿನ ಮೇಲೆ ಹಾರುವ ವಿಮಾನಗಳಲ್ಲಿ ಯಾವುದು ಅಮೆರಿಕದಿಂದ ಬಂತು ಎಂದು ಹೇಳಬಲ್ಲ, ಅಷ್ಟೇ.

ವಿಮಾನಗಳ ಒಳಗೆ ಗುಡಿಸುವುದು ಅವನ ಕೆಲಸವಾಗಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ಯಾರೋ ಪ್ರಯಾಣಿಕ ಸೀಟಿನ ಮೇಲೆ ಒಂದು ದಪ್ಪ ಪುಸ್ತಕ ಬಿಟ್ಟು ಹೋದ. ಬೇಸ್‌ಬಾಲಿನ ಚರಿತ್ರೆ, ದಶಕ ದಶಕವಾಗಿ. ಅಣ್ಣ ಅದನ್ನು ನಿಯತ್ತಾಗಿ ಆಫೀಸಿಗೆ ಒಪ್ಪಿಸಿದ. ಮೂರು ತಿಂಗಳಾದರೂ ಯಾರೂ ಕೇಳಿಕೊಂಡು ಬರಲಿಲ್ಲವೆಂದು ಅವನಿಗೇ ಕೊಟ್ಟರು. ಆ ಪುಣ್ಯಾತ್ಮ ಒಂದು ಫೋನ್ ಮಾಡಿದ್ದರೆ ನಮ್ಮ ಮನೆ ಉಳಿಯುತ್ತಿತ್ತು!

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮದುವೆಯಾಗಿ ಇಲ್ಲಿಗೆ ಬಂದು, ಗಂಡ ತೀರಿಕೊಂಡ ಮೇಲೆ ಅಣ್ಣನ ಫ್ಲಾಟ್ ಸೇರಿದೆ. ನಮ್ಮೂರಿನ ಚರಿತ್ರೆಯೇ ಗೊತ್ತಿಲ್ಲದ ನನಗೆ ಬೇಳೆ ಬೇಯುವ ಹೊತ್ತಿನಲ್ಲಿ ದಿನಕ್ಕೊಂದು ದಶಕ. ಮೊದಲು ಒಂದೇ ಚೆಂಡನ್ನು ಕಪ್ಪಗೆ, ಮೆತ್ತಗೆ ಆಗುವವರೆಗೂ ಆಡುತ್ತಿದ್ದರಂತೆ. ಇಪ್ಪತ್ತರ ದಶಕದಲ್ಲಿ ಹೊಸ ಬಿಳಿ ಚೆಂಡುಗಳು ಬಂದವಂತೆ, ಹೊಡೆದರೆ ಗೋಡೆಯಾಚೆ. ನಲವತ್ತರಲ್ಲಿ ಗಂಡಸರು ಯುದ್ಧಕ್ಕೆ ಹೋದಾಗ ಹೆಂಗಸರು ಸ್ಕರ್ಟ್ ತೊಟ್ಟು ಆಡಿದರಂತೆ. ಅದೇ ದಶಕದಲ್ಲಿ, ಹೊರಗೇ ನಿಲ್ಲಿಸಿದ್ದ ಕಪ್ಪು ಆಟಗಾರರಿಗೆ ದೊಡ್ಡ ಮೈದಾನದ ಬಾಗಿಲು ತೆರೆಯಿತಂತೆ. ಕಥೆ ಇಲ್ಲಿಗೆ ಬಂದಾಗ ಅಣ್ಣ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಆ ಸಾಲನ್ನು ಇನ್ನೊಮ್ಮೆ ಹೇಳುತ್ತಿದ್ದ.

ಕೇಳುವುದನ್ನಾದರೂ ಸಹಿಸಬಹುದು. ಅವನು ಮನೆಗೂ ಒಂದು ಸ್ಕೋರ್ ಪುಸ್ತಕ ಇಟ್ಟ! ಕ್ರಿಕೆಟ್ಟಿನಲ್ಲಿ ಕ್ಯಾಚ್ ಬಿಟ್ಟವನು ಪ್ಯಾಂಟಿಗೆ ಕೈ ಒರೆಸಿಕೊಂಡು ಬಚಾವಾಗುತ್ತಾನೆ, ಬೇಸ್‌ಬಾಲಿನಲ್ಲಿ ತಪ್ಪಿಗೇ ಬೇರೆ ಕಾಲಂ ಉಂಟು ಎಂದು ಅವನಿಗೆ ಬಹಳ ಹೆಮ್ಮೆ. ಒಗ್ಗರಣೆ ಸೀದರೆ ನನಗೊಂದು ತಪ್ಪು. ಹಾಲು ಉಕ್ಕಿಸಿದರೆ ಅವನಿಗೊಂದು. ಬಾಯ್ಲರ್ ರಿಪೇರಿಯವನು ಶೂ ಹಾಕಿಕೊಂಡೇ ಅಡುಗೆಮನೆಗೆ ಬಂದದ್ದಕ್ಕೆ ಅವನಿಗೂ ಒಂದು ಬರೆದು, ತೋರಿಸಿ, ಸಹಿ ಬೇರೆ ಹಾಕಿಸಿಕೊಂಡ!

ಆದರೆ ಬಿಟ್ಟ ಚೆಂಡೆಲ್ಲ ತಪ್ಪಲ್ಲ. ಸಾಧಾರಣ ಆಟಗಾರ ಹಿಡಿಯಬಹುದಾದದ್ದನ್ನು ಬಿಟ್ಟರೆ ಮಾತ್ರ ತಪ್ಪು. ಸಿಡಿಲಿನಂತೆ ಬಂದದ್ದಕ್ಕೆ ತಪ್ಪಿಲ್ಲ. ಮಿಕ್ಸಿಯ ಮುಚ್ಚಳ ಹಾರಿ ಚಟ್ನಿ ಸೀಲಿಂಗ್ ಸೇರಿದ ದಿನ ನಾನು ಹಾಗೇ ಪಾರಾದೆ. ತೀರ್ಮಾನ ಸ್ಕೋರ್ ಬರೆಯುವವನದು. ಆಟಗಾರ ಬಾಯಿ ಹಾಕುವಂತಿಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ.

ಒಂದು ಯುಗಾದಿಗೆ ವೆಂಬ್ಲಿಯ ಶಾಲೆಯೊಂದರ ಹಾಲ್‌ನಲ್ಲಿ ಕನ್ನಡದವರು ಸೇರಿದ್ದರು. ಹತ್ತು ನಿಮಿಷ ಬೇಸ್‌ಬಾಲ್ ಚರಿತ್ರೆ ಹೇಳಲು ಅಣ್ಣ ಹೆಸರು ಕೊಟ್ಟಿದ್ದ. ದಶಕಕ್ಕೊಂದು ಹಾಳೆಯಂತೆ ಬರೆದು, ಕನ್ನಡಿಯೆದುರು ಓದಿ, ಹೊಸ ಕೋಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಹೆಚ್ಚಿನವರು ಡಾಕ್ಟರುಗಳ ಮನೆಯವರು. ನಾನು ಹಿಂದೆ ಪುಳಿಯೋಗರೆ ಕಲಸುತ್ತಿದ್ದೆ. ಇಬ್ಬರು ಹೆಂಗಸರು ಕಾರ್ಯಕ್ರಮದ ಪಟ್ಟಿ ನೋಡಿ, "ಪ್ಲೇನ್ ಕ್ಲೀನ್ ಮಾಡ್ತಾರಲ್ಲ, ಅವರಾ? ಬೇಸ್‌ಬಾಲಾ?" ಎಂದು ನಕ್ಕರು.

ನನ್ನ ಕಿವಿ ಬಿಸಿಯಾಯಿತು. ನಕ್ಕವರನ್ನು ಕೇಳಬೇಕಿತ್ತು. ಕೇಳಲಿಲ್ಲ. ನೇರ ಕಾರ್ಯದರ್ಶಿಯ ಬಳಿ ಹೋಗಿ, ಅಣ್ಣನಿಗೆ ಗಂಟಲು ಕಟ್ಟಿದೆ, ಹೆಸರು ತೆಗೆದುಬಿಡಿ ಎಂದೆ. ಅಣ್ಣನಿಗೆ, ಹೊತ್ತು ಸಾಲದಂತೆ, ಭಾಷಣ ಬೇಡವಂತೆ ಎಂದೆ. ಅವನು ಹಾಳೆಗಳನ್ನು ಮಡಚಿ ಕೋಟಿನ ಜೇಬಿಗಿಟ್ಟುಕೊಂಡು, ನನ್ನ ಜೊತೆ ಎಲೆ ಹಾಕಲು ಬಂದ.

ಎಂಟು ವರ್ಷ ಬಾಯಿಬಿಡಲಿಲ್ಲ. ಮೊನ್ನೆ ಹಳೆ ಬಟ್ಟೆಗಳನ್ನು ಚಾರಿಟಿ ಅಂಗಡಿಗೆ ಕೊಡಲು ಆರಿಸುವಾಗ ಆ ಕೋಟು ಸಿಕ್ಕಿತು. ಜೇಬಿನಲ್ಲಿ ಅವೇ ಹಾಳೆಗಳು, ಮಡಿಕೆ ಬಿಚ್ಚದೆ. ಅಣ್ಣ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದ.

"ಅಣ್ಣ, ಅವತ್ತು ಹೊತ್ತು ಸಾಲದೆ ಏನೂ ಇರಲಿಲ್ಲ. ನಾನೇ ನಿನ್ನ ಹೆಸರು ತೆಗೆಸಿದ್ದು. ಅವರು ನಗ್ತಿದ್ರು. ನಂಗೆ ನಿನ್ನಿಂದ ನಾಚಿಕೆ ಆಯ್ತು."

"ಗೊತ್ತು," ಎಂದ. "ಹೊರಡೋವಾಗ ಕಾರ್ಯದರ್ಶಿ ಬಂದು, ಗಂಟಲಿಗೆ ಬಿಸಿನೀರು ಕುಡೀರಿ ಅಂದ್ರು."

ಎಂಟು ವರ್ಷ! ಅವನು ಎದ್ದು ಆ ವರ್ಷದ ಸ್ಕೋರ್ ಪುಸ್ತಕ ತೆಗೆದು ಯುಗಾದಿಯ ಪುಟ ತೋರಿಸಿದ. ನನ್ನ ತಪ್ಪಿನ ಕಾಲಂ ಖಾಲಿ.

"ಯಾಕೆ ಬರೀಲಿಲ್ಲ?"

"ಜೋರಾಗಿ ಬಂದ ಚೆಂಡು ಕಣೇ. ನೀನು ಹಿಡಿಯೋ ಅಂಥದ್ದಲ್ಲ."

ನಾನು ಪೆನ್ಸಿಲ್ ಕಿತ್ತುಕೊಂಡು ಅಲ್ಲಿ ಒಂದು ಎಂದು ಬರೆದೆ. ಅಣ್ಣ ಕನ್ನಡಕ ಏರಿಸಿ ನೋಡಿ, ರಬ್ಬರ್ ಹುಡುಕಿ ಅದನ್ನು ಅಳಿಸಿದ.

"ಸ್ಕೋರ್ ಬರೆಯೋನು ನಾನು," ಎಂದ.

ನಾನು ಒಲೆ ಆರಿಸಿ, ಕೋಟು ಕೊಡವಿ ಅವನ ಕೈಗೆ ಕೊಟ್ಟೆ. ಅವನು ಹಾಕಿಕೊಂಡ. ಹೊಟ್ಟೆಯ ಬಳಿ ಗುಂಡಿ ಸೇರಲಿಲ್ಲ. ಸಿಂಕಿಗೆ ಬೆನ್ನು ಕೊಟ್ಟು ನಿಂತು, ಮೊದಲ ದಶಕದ ಹಾಳೆ ಬಿಡಿಸಿ, ಇದ್ದೊಂದು ಸ್ಟೂಲಿನ ಮೇಲೆ ಕೂತ ನನ್ನ ಕಡೆ ನೋಡಿ ಗಂಭೀರವಾಗಿ ಶುರುಮಾಡಿದ:

"ಸಭಿಕರೇ..."